ಓ ಎನ್ನದವಳು

ನೋಡೋದಕ್ಕೆ ಎಷ್ಟು ಜನ ಬೇಕಾದರೂ ಬನ್ನಿ, ಒಟ್ಟಿಗೇ ಬನ್ನಿ, ನನ್ನದೇನೂ ಅಡ್ಡಿಯಿಲ್ಲ, ಆದರೆ ಹೇಳೋದು ಮಾತ್ರ ಒಬ್ಬರೇ ಹೇಳಿ ಎಂದು ಡಾಕ್ಟರು ನಿನ್ನೆ ಸಂಜೆ ಕೈ ಜೋಡಿಸಿ ಕೇಳಿಕೊಂಡಾಗ ಅವಳಿಗೆ ನಗು ಬಂದುಬಿಟ್ಟಿತ್ತು. ಐಸಿಯು ಬಾಗಿಲಲ್ಲಿ ನಿಂತು ಯಾರಾದರೂ ನಗುತ್ತಾರೆಯೇ? ಒಳಗೆ ಹೆತ್ತ ತಾಯಿ ಬಾಯಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾಳೆ. ಚಿಕ್ಕಮ್ಮ ದುರುಗುಟ್ಟಿ ನೋಡಿದಳು. ಆದರೆ ಏನು ಮಾಡುವುದು, ಹೊಟ್ಟೆಪಾಡಿಗೆ ಅವಳು ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಕೂತು ಬರೆದದ್ದೆಲ್ಲ ಇದೊಂದೇ ನಿಯಮ. ಒಂದು ಫೈಲನ್ನು ಓದುವವರು ಎಷ್ಟು ಮಂದಿಯಾದರೂ ಓದಿಕೊಳ್ಳಲಿ, ಬರೆಯುವವನು ಮಾತ್ರ ಒಬ್ಬನೇ. ಅವನು ಬರೆದು ಮುಗಿಸುವ ತನಕ ಫೈಲಿಗೆ ಬೀಗ, ಬೀಗ ಅವನ ಕೈಯಲ್ಲಿ, ಮಿಕ್ಕವರು ಹೊರಗೆ ಕಾಯುತ್ತಿರಬೇಕು. ಆಫೀಸಿನಲ್ಲಿ ಅವಳಿಗೆ ಬೀಗಿತ್ತಿ ಎಂದು ಹೆಸರು ಬಿದ್ದದ್ದೂ ಇದಕ್ಕೇ. ಮಗನಿಲ್ಲ, ಮಗಳಿಲ್ಲ, ಮದುವೆಯ ಸುದ್ದಿಯೇ ಇಲ್ಲ, ಆದರೂ ನೋಡಿ, ಊರಿಗೆಲ್ಲ ಬೀಗಿತ್ತಿ. ಡಾಕ್ಟರು ಆ ಮಾತಿಗೆ ಬಂದದ್ದೂ ಸುಮ್ಮನೆ ಅಲ್ಲ. ಚಿಕ್ಕಮ್ಮ ಒಬ್ಬ ನರ್ಸಿನ ಕೈ ಹಿಡಿದು 'ಏನೇನು ಮಾಡೋಕಾಗುತ್ತೋ ಎಲ್ಲಾ ಮಾಡಿ, ನನಗಿರೋಳು ಒಬ್ಬಳೇ ಅಕ್ಕ' ಎಂದು ಅತ್ತಿದ್ದಳು. ಅದೇ ಹೊತ್ತಿನಲ್ಲಿ ತಮ್ಮ ಇನ್ನೊಬ್ಬ ನರ್ಸಿಗೆ 'ಸಾಕು, ಇನ್ನು ಚುಚ್ಚಬೇಡಿ' ಎಂದು ಅತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 'ಯಾರ ಮಾತು ಕೇಳೋಣ ಹೇಳಿ' ಎಂದು ಡಾಕ್ಟರು ಕೇಳಿದಾಗ ತಮ್ಮ, ಅಂಗಿಯ ಬಣ್ಣಕ್ಕೂ ಅಕ್ಕನನ್ನೇ ಕೇಳುವ ತಮ್ಮ, 'ಅಕ್ಕ ಹೇಳ್ತಾಳೆ' ಎಂದುಬಿಟ್ಟ. ಡಾಕ್ಟರು ಅವಳ ಕಡೆ ತಿರುಗಿದರು. 'ಮೆಷಿನ್ ಇಟ್ಟುಕೊಂಡು ಕಾಯೋದಾ, ತೆಗೆಯೋದಾ, ನಾಳೆ ಮಧ್ಯಾಹ್ನ ನಾನು ಬರೋ ಹೊತ್ತಿಗೆ ಹೇಳಿ. ಎರಡೂ ತಪ್ಪಲ್ಲ.' ಎರಡೂ ತಪ್ಪಲ್ಲವಂತೆ. ಹಾಗಂದರೆ ಯಾವುದೂ ಸರಿಯಲ್ಲ ಎಂದು ತಾನೇ ಅರ್ಥ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ತನ್ನಷ್ಟಕ್ಕೇ ಜಗಳವಾಡಿಕೊಂಡಳು.

ಬೆಳಿಗ್ಗೆ ಎದ್ದವಳು ಆಸ್ಪತ್ರೆಗೆ ಹೋಗಲಿಲ್ಲ, ಆಫೀಸಿಗೆ ಬಂದಳು. ತಮ್ಮನಿಗೆ 'ಸ್ವಲ್ಪ ಕೆಲಸ ಇದೆ ಕಣೋ, ಮುಗಿಸಿಕೊಂಡು ಮಧ್ಯಾಹ್ನದೊಳಗೆ ಬಂದುಬಿಡ್ತೀನಿ, ಬಂದು ಹೇಳ್ತೀನಿ' ಎಂದು ಫೋನ್ ಮಾಡಿ ಹೇಳಿದ್ದಳು, ಅವನು ಎಂದಿನಂತೆ 'ಹೂಂ ಅಕ್ಕ' ಎಂದಿದ್ದ. ಲಿಫ್ಟ್ ರಿಪೇರಿ ಮಾಡುವವನು ಅವನು. ಯಾವುದೋ ಕಟ್ಟಡದ ಕತ್ತಲೆ ಬಾವಿಯಲ್ಲಿ ನೇತಾಡುತ್ತ ಮಾತನಾಡಿ ಅಭ್ಯಾಸವಾಗಿ, ಆಸ್ಪತ್ರೆಯಲ್ಲೂ ಫೋನಿನಲ್ಲಿ ಕೂಗಿಯೇ ಮಾತನಾಡುತ್ತಾನೆ. ಕೆಲಸ ಇದ್ದದ್ದು ಸುಳ್ಳಲ್ಲ. ಹೋದ ವಾರ ನಕ್ಷೆ ಮಾಡುವ ಒಂದು ಕಂಪನಿಯವರು ಬಾಯಿಗೆ ಬಂದ ಹಾಗೆ ಬೈದಿದ್ದರು. ಅವರ ಒಂದು ಫೈಲಿನಲ್ಲಿ ಊರಿನ ಮೇಲರ್ಧ ಹೊಸ ನಕ್ಷೆ, ಕೆಳಗಿನರ್ಧ ಹಳೆಯದು. ರಸ್ತೆಗಳು ನಡುವೆ ಬಂದು ನಿಂತುಬಿಟ್ಟಿದ್ದವು, ಸೇತುವೆ ಹೊಳೆಯ ಅರ್ಧಕ್ಕೆ ಮುಗಿದುಹೋಗಿತ್ತು. ಆದದ್ದು ಇಷ್ಟೇ: ಬೀಗ ಹಿಡಿದು ಫೈಲು ಬರೆಯುತ್ತಿರುವ ಯಂತ್ರ ನಡುನಡುವೆ 'ಇದ್ದೀನಿ' ಎಂದು ಹೇಳುತ್ತಿರಬೇಕು. ಅವಳ ತಂಡದವರು ಅದಕ್ಕೆ 'ಓ' ಎಂದೇ ಹೆಸರಿಟ್ಟಿದ್ದರು. ಬೀಗ ಹಂಚುವ ಸರ್ವರ್ ಕರೆಯುತ್ತದೆ, ಯಂತ್ರ ಓ ಅನ್ನುತ್ತದೆ. ಮೂರು ಸಲ ಕರೆದರೂ ಓ ಅನ್ನದಿದ್ದರೆ ಅದು ಸತ್ತಿತು ಎಂದು ಲೆಕ್ಕ. ಬೀಗ ಕಿತ್ತು ಸಾಲಿನಲ್ಲಿ ಮುಂದಿದ್ದವನಿಗೆ ಕೊಟ್ಟುಬಿಡುವುದು. ಆದರೆ ಆ ದಿನ ಆ ಯಂತ್ರ ಸತ್ತಿರಲಿಲ್ಲ. ಏನೋ ಭಾರ ಬಿದ್ದು ಮೈಮರೆತಿತ್ತು, ಅಷ್ಟೇ. ಅದು ಎಚ್ಚರಾಗುವ ಹೊತ್ತಿಗೆ ಬೀಗ ಇನ್ನೊಬ್ಬನ ಕೈಗೆ ಹೋಗಿತ್ತು, ಅವನು ಅರ್ಧ ಬರೆದೂ ಆಗಿತ್ತು. ಇದಕ್ಕೇನು ಗೊತ್ತು ಪಾಪ, ಬೀಗ ಇನ್ನೂ ತನ್ನದೇ ಅಂದುಕೊಂಡು ಬಿಟ್ಟಲ್ಲಿಂದ ತನ್ನ ಹಳೆಯ ನಕ್ಷೆಯನ್ನೇ ನಿಯತ್ತಾಗಿ ಬರೆಯುತ್ತ ಹೋಯಿತು. ಕೋಪ ಮಾಡಿಕೊಳ್ಳುವುದಾದರೆ ಯಾರ ಮೇಲೆ ಎಂದು ಅವಳಿಗೆ ಒಂದು ವಾರವಾದರೂ ಹೊಳೆದಿರಲಿಲ್ಲ.

'ಬೀಗಿತ್ತಿಯವರು ಇವತ್ತೂ ಬಂದರಾ?' ಎಂದು ಕೊಕ್ಕೆ ಕೇಳಿದ. ಪರೀಕ್ಷೆ ಮಾಡುವವನು ಅವನು. ಯಾರು ಏನು ಬರೆದುಕೊಟ್ಟರೂ ಒಂದು ಕೊಕ್ಕೆ ಹಾಕದೆ ಬಿಡುವವನಲ್ಲ, ಅದಕ್ಕೇ ಆ ಹೆಸರು. ನಗುತ್ತ ಶುರುಮಾಡಿದವನು ಅವಳ ಮುಖ ನೋಡಿ ದನಿ ಇಳಿಸಿದ. 'ಅಮ್ಮ ಹೇಗಿದ್ದಾರೆ ಮೇಡಂ?' ಹಾಗೇ ಇದ್ದಾರೆ ಎಂದಳು. ಹಾಗೇ ಎಂದರೆ ಹೇಗೆ? ಸರ್ವರ್ ಕೋಣೆಯ ಬಾಗಿಲು ತೆಗೆದರೆ ಒಳಗಿನ ತಣ್ಣನೆ ಗಾಳಿಯ ಜೊತೆ ಆ ಸದ್ದು ಬಂತು, ಸುಯ್ ಎಂದು ಎಳೆದು ಬಿಡುವ ಸದ್ದು. ದಿನಾ ಕೇಳುತ್ತಿದ್ದದ್ದೇ. ಇವತ್ತು ಮಾತ್ರ ಅಲ್ಲಿ ಯಾರೋ ಮಲಗಿದ್ದಾರೆ ಅನ್ನಿಸಿ ಹೊಸ್ತಿಲಲ್ಲೇ ನಿಂತಳು. ಅಮ್ಮನ ಪಕ್ಕದ ಮೆಷಿನ್ನೂ ಹೀಗೇ ಉಸಿರಾಡುತ್ತದೆ. ಎರಡು ಉಸಿರಿನ ನಡುವೆ ಒಂದು ಕ್ಷಣ ತಡೆದು, ಏನೋ ಯೋಚನೆ ಮಾಡಿದ ಹಾಗೆ ಮಾಡಿ, ಆಮೇಲೆ ಮತ್ತೆ. ಮೊದಲ ದಿನ ಒಳಗೆ ಬಿಟ್ಟಾಗ ಅವಳು ಅಮ್ಮನ ಮುಖವನ್ನೇ ನೋಡಿರಲಿಲ್ಲ, ಪರದೆಯ ಮೇಲಿನ ಗೆರೆಗಳನ್ನು ನೋಡಿದ್ದಳು. ಗೆರೆ ಓದಲು ಬರುತ್ತದೆ ಅವಳಿಗೆ, ಮುಖ ಓದಲು ಧೈರ್ಯ ಬೇಕು. 'ಕರೀರಿ, ಕೇಳಿಸಿದರೂ ಕೇಳಿಸೀತು' ಎಂದಿದ್ದಳು ನರ್ಸು. ಪಕ್ಕದ ಮಂಚದವರ ಕಡೆಯವರು ಇವಳನ್ನೇ ನೋಡುತ್ತಿದ್ದರು. ಅವಳಿಗೆ ನಾಚಿಕೆಯಾಯಿತು. ಅಮ್ಮಾ ಎಂದು ಮೆಲ್ಲಗೆ, ಕೆಮ್ಮಿದ ಹಾಗೆ ಕರೆದಳು. ಇನ್ನೊಂದು ಸಲ ಕರೆದಳು. ತಾಯಿಯನ್ನು ತಾಯಿ ಎಂದು ಕರೆಯಲು ನಾಚಿಕೊಂಡವಳಿಗೆ ಅಮ್ಮನ ಉಸಿರಿನ ತೀರ್ಮಾನ ಕೊಟ್ಟಿದ್ದಾರಲ್ಲ, ಇವರಿಗೇನು ತಲೆ ಕೆಟ್ಟಿದೆಯಾ ಎಂದುಕೊಂಡು ಅವಳು ಸರ್ವರ್ ಕೋಣೆಯ ಬಾಗಿಲು ಮುಚ್ಚಿದಳು.

ಅಮ್ಮ ಒಂದೇ ಕರೆಗೆ ಓ ಅಂದವಳೇ ಅಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಬೆಳಗಿನಿಂದ ಸಂಜೆ ತನಕ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರಿಗೆಲ್ಲ ಹಲೋ ಹಲೋ ಎಂದು ಮನೆಗೆ ಬಂದರೆ, ಸೀರೆ ಬದಲಿಸದೆ ಕಿಟಕಿಯ ಹತ್ತಿರ ಕುಕ್ಕರಿಸಿಬಿಡುತ್ತಿದ್ದಳು. ಅಮ್ಮಾ ಎಂದರೆ ಸದ್ದಿಲ್ಲ. ಅಮ್ಮಾ. ಸದ್ದಿಲ್ಲ. ತಮ್ಮ ಹೆದರಿ ಅಳುವುದಕ್ಕೆ ಶುರುಮಾಡುತ್ತಿದ್ದ. 'ಏನ್ರೋ ಅದು, ಸತ್ತೋದವಳನ್ನ ಕರೆದ ಹಾಗೆ ಕರೀತೀರಿ, ಬದುಕಿದ್ದೀನಿ, ಬದುಕಿದ್ದೀನಿ' ಎಂದು ಆಮೇಲೆ ಯಾವಾಗಲೋ ಎದ್ದು ಬರುತ್ತಿದ್ದಳು. ಕೇಳಿಸಿದರೂ ಯಾಕಮ್ಮ ಮಾತಾಡಲ್ಲ ಎಂದು ಕೇಳಿದರೆ, ಕಂಡವರಿಗೆಲ್ಲ ಓಗೊಟ್ಟು ಓಗೊಟ್ಟು ಬಾಯಿ ಸವೆದುಹೋಗಿದೆ, ನಿಮಗಾದರೂ ಸ್ವಲ್ಪ ತಡವಾಗಿ ಅಂತೀನಿ, ನೀವು ನನ್ನವರಲ್ವಾ, ಕಾಯ್ತೀರಲ್ವಾ ಎನ್ನುತ್ತಿದ್ದಳು. ಕಾಯುತ್ತೀರಲ್ವಾ. ಈಗ ಆ ಮಾತು ನೆನಪಾಯಿತು. ಸರ್ವರ್ ಎಷ್ಟು ಸಲ ಕರೆಯಬೇಕು, ಎಷ್ಟು ಹೊತ್ತು ಕಾಯಬೇಕು ಎನ್ನುವುದನ್ನು ವರ್ಷಗಳ ಹಿಂದೆ ಗೊತ್ತುಮಾಡಿದವಳು ಅವಳೇ. ಯಾಕೆ ಮೂರು ಎಂದು ಯಾರೂ ಕೇಳಿರಲಿಲ್ಲ, ಅವಳೂ ಯೋಚಿಸಿರಲಿಲ್ಲ.

ಫೋನು ಹೊಡೆದುಕೊಂಡದ್ದು ಕೊಕ್ಕೆ ತನ್ನ ಕುರ್ಚಿ ಎಳೆದುಕೊಂಡು ಬಂದು ಕೂತ ಮೇಲೆ. ತಮ್ಮ. ಮಧ್ಯಾಹ್ನಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ, ಈಗಲೇ ಯಾಕೆ? 'ತಗೊಳ್ಳಿ ಮೇಡಂ' ಎಂದ ಕೊಕ್ಕೆ. 'ಆಮೇಲೆ ಮಾಡ್ತೀನಿ, ಇದೊಂದು ಮುಗೀಲಿ' ಎಂದು ಅವಳು ಫೋನನ್ನು ಬೋರಲು ಹಾಕಿದಳು. ಅದು ಮೇಜಿನ ಮೇಲೆ ಜಿಂಯ್ಯೆನ್ನುತ್ತ ಸ್ವಲ್ಪ ಸ್ವಲ್ಪವೇ ಸರಿದು ಅಂಚಿಗೆ ಬಂದು ನಿಂತಿತು. ಎರಡನೆಯ ಸಲ ಬಂದಾಗ ಅವಳಿಗೆ ತಮ್ಮನ ಮುಖ ಕಾಣಿಸಿತು. ಏನು ಹೇಳಲಿ ಅವನಿಗೆ, ಇನ್ನೂ ಮೀನಮೇಷ ಎಣಿಸುತ್ತಿದ್ದೇನೆ ಎನ್ನಲೇ? ಅವಳು ಫೋನಿನ ಸದ್ದನ್ನು ಪೂರ್ತಿ ತೆಗೆದು ಡ್ರಾಯರಿನೊಳಗಿಟ್ಟು ಮೊಣಕಾಲಿನಿಂದ ದೂಡಿ ಮುಚ್ಚಿದಳು. ಕೆಲಸದ ನಡುವೆ ಎಲ್ಲರೂ ಮಾಡುವುದೇ. ಆದರೆ ಮುಚ್ಚಿದ ಡ್ರಾಯರ್ ಮೊಣಕಾಲಿಗೆ ತಾಗಿಕೊಂಡೇ ಇತ್ತು, ಅವಳು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಇನ್ನು ಮುಂದೆ ಬೀಗ ಕೊಡುವಾಗಲೆಲ್ಲ ಜೊತೆಗೊಂದು ಟೋಕನ್ ನಂಬರು ಕೊಡುವುದು; ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದು. ಬರೆಯಲು ಬಂದವನು ಟೋಕನ್ ತೋರಿಸಬೇಕು. ತಾನು ಕಂಡ ದೊಡ್ಡ ನಂಬರನ್ನು ಫೈಲು ಕೂತಿರುವ ಡಿಸ್ಕು ನೆನಪಿಟ್ಟುಕೊಂಡಿರುತ್ತದೆ, ಅದಕ್ಕಿಂತ ಚಿಕ್ಕದನ್ನು ಹಿಡಿದು ಬಂದವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಎಷ್ಟು ಸುಲಭ! ಅವಳು ಬರೆದಳು, ಕೊಕ್ಕೆ ಓದಿದ, ಎರಡು ಕಡೆ ಕೊಕ್ಕೆ ಹಾಕಿದ, ಅವಳು ತಿದ್ದಿದಳು. 'ಕಾಯೋ ಹೊತ್ತನ್ನ ಇನ್ನೂ ಜಾಸ್ತಿ ಮಾಡಿದರೆ ಇದೆಲ್ಲ ಬೇಕಾ?' ಎಂದು ಅವಳು ಕೇಳಿದಳು. 'ಎಷ್ಟು ಮಾಡ್ತೀರಿ? ನಿಜವಾಗಿ ಸತ್ತೋನಿಗೋಸ್ಕರ ಬದುಕಿರೋರೆಲ್ಲ ಹೊರಗೆ ನಿಂತು ಒಣಗಬೇಕಾ? ದೂರದಿಂದ ನೋಡೋರಿಗೆ ನಿದ್ದೆ ಮಾಡೋನೂ ಒಂದೇ, ಸತ್ತೋನೂ ಒಂದೇ ಮೇಡಂ, ಅದನ್ನ ಬ್ರಹ್ಮ ಬಂದರೂ ಹೇಳಕ್ಕಾಗಲ್ಲ' ಎಂದವನು ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡ. 'ಅಯ್ಯೋ, ನಾನು ಯಂತ್ರದ ವಿಷಯ ಹೇಳಿದ್ದು.' ಅವಳು ಗೊತ್ತು ಎಂದಳು.

ಗೊರಕೆ ಪರೀಕ್ಷೆ ಎಂದು ಕೊಕ್ಕೆ ಅದಕ್ಕೆ ಹೆಸರಿಟ್ಟಿದ್ದ. ಬೀಗ ಹಿಡಿದು ಬರೆಯುತ್ತಿರುವ ಒಬ್ಬನನ್ನು, ಅಂದರೆ ಒಂದು ಯಂತ್ರವನ್ನು, ಇದ್ದಕ್ಕಿದ್ದ ಹಾಗೆ ಮಲಗಿಸುವುದು, ಸರ್ವರ್ ಕರೆದು ಕರೆದು ಬೇಸತ್ತು ಬೀಗವನ್ನು ಇನ್ನೊಬ್ಬನಿಗೆ ಕೊಟ್ಟ ಮೇಲೆ ಎಬ್ಬಿಸುವುದು. ಮಲಗಿಸಿದ. ಪರದೆಯ ಮೇಲೆ ಸರ್ವರ್ ಕರೆಯಿತು, ಉತ್ತರದ ಜಾಗ ಖಾಲಿ. ಮತ್ತೆ ಕರೆಯಿತು, ಖಾಲಿ. ಆ ಖಾಲಿ ಸಾಲುಗಳನ್ನು ಅವಳು ಸಾವಿರ ಸಲ ನೋಡಿದ್ದಳು, ಇವತ್ತು ಓದಲಾಗಲಿಲ್ಲ. ಹಿಂದುಗಡೆ ಯಾರೋ ಕಿಟಕಿಯ ಹತ್ತಿರ ಕುಕ್ಕರಿಸಿ ಕೂತಿದ್ದಾರೆ, ಕೇಳಿಸಿದೆ ಅವರಿಗೆ, ಬೇಕೆಂದೇ ಸುಮ್ಮನಿದ್ದಾರೆ. ತಿರುಗಿ ನೋಡಿದರೆ ಕಿಟಕಿ ಇತ್ತು, ಕಸದ ಬುಟ್ಟಿ ಇತ್ತು. ಬೀಗ ಕೈ ಬದಲಾಯಿಸಿತು. ಕೊಕ್ಕೆ ಮಲಗಿದ್ದವನನ್ನು ಎಬ್ಬಿಸಿದ. ಅವನು ಎದ್ದವನೇ, ಏನೂ ಆಗಿಯೇ ಇಲ್ಲವೆನ್ನುವಂತೆ, ಬಿಟ್ಟಿದ್ದ ಅಕ್ಷರದಿಂದ ಮುಂದಿನ ಅಕ್ಷರ ಬರೆಯಲು ಬಂದ. ಹಳೆಯ ಟೋಕನ್, ಸ್ವೀಕರಿಸಿಲ್ಲ. 'ಭೇಷ್!' ಎಂದು ಕೊಕ್ಕೆ ಮೇಜು ಗುದ್ದಿದ. 'ಸತ್ತೋನು ಎದ್ದು ಬಂದ, ಬಾಗಿಲಲ್ಲೇ ವಾಪಸ್ ಕಳಿಸಿದ್ವಿ!' ಅವನಿಗೆ ಏನು ಹೇಳುತ್ತೇವೆ ನಾವು ಎಂದು ಅವಳು ಕೇಳಿದಳು. ಯಾರಿಗೆ? ಎದ್ದು ಬಂದವನಿಗೆ. 'ಏನು ಹೇಳೋದು ಮೇಡಂ, ನಿನ್ನ ಕಾಲ ಮುಗೀತಪ್ಪಾ, ಹೋಗು ಅಂತ.' ಅಷ್ಟೇನಾ? 'ಮತ್ತೆ ಕೂರಿಸಿ ಕಾಫಿ ಕೊಡೋಕಾಗುತ್ತಾ?' ಅವನು ನಕ್ಕ. ಅವಳಿಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ತಾನು ಮಲಗಿದ್ದೇ ಅವನಿಗೆ ಗೊತ್ತಿಲ್ಲವಲ್ಲ. ಕರೆದದ್ದು ಗೊತ್ತಿಲ್ಲ, ಎಷ್ಟು ಹೊತ್ತಾಯಿತು ಗೊತ್ತಿಲ್ಲ. ಕಣ್ಣು ಮುಚ್ಚಿ ತೆರೆದಿದ್ದಾನೆ, ಅಷ್ಟರಲ್ಲಿ ಸತ್ತವನು ಅಂದುಬಿಟ್ಟರು. ಅಮ್ಮನಿಗೂ ಗೊತ್ತಿರಲಾರದು. ಕೊಳವೆಯ ಆಚೆ, ಆ ಕಿಟಕಿಯ ಹತ್ತಿರ, ಇವರು ಕಾಯುತ್ತಾರೆ ಎಂದೇ ನೆಚ್ಚಿಕೊಂಡು ಕೂತಿದ್ದಾಳೆ. ಬೇಡ. ತೆಗೆಯುವುದು ಬೇಡ. ಇನ್ನೂ ಕಾಯೋಣ. ತೀರ್ಮಾನ ಹೀಗೆ, ಎಲ್ಲಿಂದಲೋ ಬಂದು ಅವಳ ಬಾಯಲ್ಲಿ ಕೂತಿತು. ಎದೆ ಹಗುರವಾಯಿತು. ಅವಳು ಡ್ರಾಯರ್ ಎಳೆದಳು.

ಪರದೆಯ ತುಂಬ ತಮ್ಮನ ಕರೆಗಳು, ಒಂದರ ಕೆಳಗೊಂದು, ನಡುವೆ ಚಿಕ್ಕಮ್ಮನದು, ಗುರುತಿಲ್ಲದ ಒಂದು ನಂಬರು. ಕೊನೆಯದು ಆಗಿ ತುಂಬ ಹೊತ್ತಾಗಿತ್ತು. ಆಮೇಲೆ ಯಾರೂ ಕರೆದಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿದ್ದು. ಆಸ್ಪತ್ರೆಯ ಬಸ್ಸು ಹತ್ತಿ ತಿರುಗಿ ಫೋನ್ ಮಾಡಿದಳು, ತಮ್ಮ ಎತ್ತಲಿಲ್ಲ. ಮತ್ತೆ ಮಾಡಿದಳು. ಪಕ್ಕದಲ್ಲಿದ್ದ ಹೆಂಗಸು ಕಾಲು ಸರಿಸಿ ದಾರಿ ಮಾಡಿಕೊಟ್ಟಳು, ಯಾಕೆಂದರೆ ಇವಳು ತನಗೇ ತಿಳಿಯದೆ ಎದ್ದು ನಿಂತಿದ್ದಳು, ಸ್ಟಾಪು ಇನ್ನೂ ದೂರವಿತ್ತು. ಇನ್ನೂ ಕಾಯೋಣ, ಇನ್ನೂ ಕಾಯೋಣ ಎಂದು ಹೇಳಬೇಕಾದ ಮಾತನ್ನು ಮಗ್ಗಿ ಒಪ್ಪಿಸುವವರ ಹಾಗೆ ಬಾಯಲ್ಲೇ ಹೇಳಿಕೊಂಡಳು. ಡಾಕ್ಟರು ಕಾರಣ ಕೇಳಿದರೆ? ಕಾರಣ ಇಲ್ಲ ಸಾರ್, ನಮ್ಮಮ್ಮ ತಡವಾಗಿ ಓ ಅನ್ನೋದು, ಅಷ್ಟೇ. ನಕ್ಕರೆ ನಗಲಿ.

ಐಸಿಯು ಬಾಗಿಲಲ್ಲಿ ಹೊಸ ನರ್ಸು ಇದ್ದಳು. 'ಯಾರು ಬೇಕು?' ನಮ್ಮಮ್ಮ, ಮೂಲೆಯ ಮಂಚ, ನಾನು ಮಗಳು, ಡಾಕ್ಟರಿಗೆ ಹೇಳಬೇಕಿತ್ತು ಎಂದಳು. 'ಏನು ಹೇಳೋದು? ಮಗ ಹೇಳಿ ಆಯ್ತಲ್ಲ.' ಅವಳು ದನಿಯೇರಿಸಿ, ಇಲ್ಲ, ನಾನೇ ಹೇಳಬೇಕಾದ್ದು, ನಿನ್ನೆ ನನಗೇ ಹೇಳಿದ್ದಾರೆ ಎಂದಳು. ಕಾಯುತ್ತ ಕೂತಿದ್ದವರು ತಲೆಯೆತ್ತಿ ನೋಡಿದರು. ನರ್ಸು ಒಳಗೆ ಹೋಗಿ ಡಾಕ್ಟರನ್ನು ಕರೆತಂದಳು. ಅವರು ಬಾಗಿಲನ್ನು ಅರ್ಧವೇ ತೆಗೆದು, ಕೋಪವಿಲ್ಲದೆ, ಅದೇ ಕೆಟ್ಟದ್ದು, ಕೋಪವೇ ಇಲ್ಲದೆ ಹೇಳಿದರು: 'ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಕೈ ಮೀರಿತು ಅಮ್ಮಾ. ಹೃದಯ ನಿಂತರೆ ಎದೆ ಒತ್ತಿ ಮತ್ತೆ ಹಿಂಸೆ ಕೊಡೋದಾ ಬಿಡೋದಾ ಅಂತ ಆ ಕ್ಷಣದಲ್ಲೇ ಹೇಳಬೇಕಿತ್ತು. ನಿಮ್ಮ ತಮ್ಮ ಫೋನ್ ಮಾಡಿದರು, ನಾವೂ ಮಾಡಿದೆವು. ನೀವು ಸಿಗಲಿಲ್ಲ. ಎಷ್ಟೂಂತ ಕಾಯೋದು? ಅವರನ್ನೇ ಕೇಳಿದೆವು, ಅವರು ಸಾಕು ಅಂದರು. ಕೊಳವೆ ತೆಗೆದಿದ್ದೀವಿ. ತಾವಾಗಿಯೇ ಉಸಿರಾಡ್ತಾ ಇದ್ದಾರೆ, ಇನ್ನೇನು ಸ್ವಲ್ಪ ಹೊತ್ತು. ಹೋಗಿ ನೋಡಿ.' ಆದರೆ ನಾನು ಎಂದು ಅವಳು ಬಾಯಿ ತೆರೆದಳು. ಅವರು ಆಗಲೇ ಬೇರೆ ಯಾರ ಕಡೆಗೋ ತಿರುಗಿದ್ದರು. ಅವಮಾನವಾಯಿತು ಅವಳಿಗೆ. ಅದರ ಹಿಂದೆಯೇ, ಅವಮಾನಕ್ಕಿಂತ ಬೇಗ ಬೇಗ ಹೆಜ್ಜೆ ಹಾಕುತ್ತ, ಇನ್ನೊಂದು ಬಂತು: ಬಿಡುಗಡೆ. ಹಾಗಾದರೆ ನಾನು ಹೇಳಬೇಕಾಗಿಲ್ಲ! ಛೀ ಎಂದು ತನಗೆ ತಾನೇ ಉಗಿದುಕೊಂಡಳು, ಆದರೂ ಅದು ಹೋಗಲಿಲ್ಲ. ಡ್ರಾಯರನ್ನು ಮೊಣಕಾಲಿನಿಂದ ದೂಡಿದ್ದು ಇದಕ್ಕೇ ಅಲ್ಲವೇ? ಯಾರಾದರೂ ಕಿತ್ತುಕೊಳ್ಳಲಿ ಎಂದು ತಾನೇ? ಇಷ್ಟು ದಿನ ಬೀಗ ಬೀಗ ಎಂದು ಬೀಗಿದವಳು.

ತಮ್ಮ ಮಂಚದ ಪಕ್ಕದಲ್ಲಿ ನಿಂತಿದ್ದ. ಅಂಗಿಯ ತೋಳಿಗೆ ಗ್ರೀಸು ಮೆತ್ತಿತ್ತು. ಯಾವುದೋ ಲಿಫ್ಟನ್ನು ಅರ್ಧಕ್ಕೆ ಬಿಟ್ಟು ಓಡಿಬಂದಿದ್ದಿರಬೇಕು. ಅವಳನ್ನು ಕಂಡದ್ದೇ ಅವನ ಮುಖ ಚಿಕ್ಕ ಹುಡುಗನದಾಯಿತು. 'ಎಷ್ಟು ಸಲ ಕರೆದೆ ಅಕ್ಕ. ಎಷ್ಟು ಸಲ ಕರೆದೆ ಗೊತ್ತಾ? ನಿನಗೇ ಏನಾದರೂ ಆಯ್ತೇನೋ ಅಂದುಕೊಂಡೆ.' ಕೆಲಸದಲ್ಲಿದ್ದೆ ಕಣೋ ಎನ್ನಲು ಹೊರಟವಳು ಮಂಚದ ಇನ್ನೊಂದು ಬದಿಗೆ ಹೋದಳು. ಚಿಕ್ಕಮ್ಮ ಸೆರಗಿನಿಂದ ಮೂಗೊರಸಿಕೊಂಡು, ಬಂದೆಯಾ ತಾಯಿ, ಈಗ ಬಂದೆಯಾ ಎಂದಳು, ಅಷ್ಟಕ್ಕೇ ನಿಲ್ಲಿಸಿದಳು. ಆ ಬಾಯಿಗೆ ಅದು ದೊಡ್ಡ ದಯೆಯೇ. ಕೊಳವೆಯಿಲ್ಲದ ಅಮ್ಮನ ಮುಖ ಎಷ್ಟೋ ದಿನಗಳ ಮೇಲೆ ಅಮ್ಮನದಾಗಿತ್ತು. ತುಟಿಯ ಕೊನೆಯಲ್ಲಿ ಅಂಟು ಹಚ್ಚಿ ಕಿತ್ತ ಗುರುತು. ಎದೆ ಏರಿತು, ನಿಂತಿತು, ತುಂಬ ಹೊತ್ತು ನಿಂತಿತು, ಮತ್ತೆ ಇಳಿಯಿತು. ಮೆಷಿನ್ನು ಆಫ್ ಮಾಡಿದ್ದರು. ಆದ್ದರಿಂದ ಅಲ್ಲಿ ಸದ್ದು ಅಂತ ಇದ್ದರೆ ಅಮ್ಮನದೊಂದೇ.

'ಅಕ್ಕ' ಎಂದ ತಮ್ಮ, ಎಂದೂ ಇಲ್ಲದ ಸಣ್ಣ ದನಿಯಲ್ಲಿ. 'ನೀನು ಏನು ಹೇಳೋಕೆ ಬಂದಿದ್ದೆ?'

ಅವಳು ಅವನನ್ನು ನೋಡಿದಳು. ಹೇಳಿದರೆ ನಿಜವನ್ನೇ ಹೇಳಬೇಕು. ಕಾಯೋಣ ಎನ್ನಲು ಬಂದಿದ್ದೆ ಎಂದರೆ, ಈ ಹುಡುಗ ಇನ್ನು ಬದುಕಿರುವಷ್ಟು ದಿನ, ಯಾವ ಕತ್ತಲೆ ಬಾವಿಯಲ್ಲಿ ನೇತಾಡುತ್ತಿದ್ದರೂ, ಅಮ್ಮನನ್ನು ಕೊಂದವನು ನಾನು ಎಂದುಕೊಂಡೇ ನೇತಾಡುತ್ತಾನೆ. ನಿಜ ಅವಳದು, ಪೆಟ್ಟು ಅವನಿಗೆ. ಅವನು ಬರೆದು ಮುಗಿಸಿದ್ದಾನೆ. ಅದರ ಮೇಲೆ ಈಗ ಏನು ಬರೆಯಲು ಹೊರಟಿದ್ದೀಯೇ ಪುಣ್ಯಾತಗಿತ್ತಿ? ನೀನು ಎಲ್ಲಿದ್ದೆ ಆಗ? ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಅವನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

'ನಾನೂ ಅದನ್ನೇ ಹೇಳೋಕೆ ಬಂದಿದ್ದೆ ಕಣೋ' ಎಂದಳು. 'ಸಾಕು ಅಂತಲೇ.'

'ಹೌದಾ ಅಕ್ಕ? ನಿಜವಾಗ್ಲೂ?'

'ನಿನ್ನಾಣೆ.'

ಅವನು ನಂಬಿದ. ಒಂದು ಗಳಿಗೆಯೂ ಅನುಮಾನಪಡದೆ ನಂಬಿದ. ಭುಜಗಳು ಇಳಿದವು, ಗ್ರೀಸು ಮೆತ್ತಿದ ತೋಳಿನಿಂದಲೇ ಮುಖ ಒರೆಸಿಕೊಂಡು, ಸದ್ಯ, ಸದ್ಯ ಎಂದ. ಚಿಕ್ಕಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದಳು. 'ನಿಂತೇ ಇದ್ದೀಯಲ್ಲೇ, ಕರಿ ಒಂದ್ಸಲ. ಬಾಯಿಬಿಟ್ಟು ಗಟ್ಟಿಯಾಗಿ ಕರಿ. ಬೆಳಗಿನಿಂದ ನಾವಿಬ್ಬರೇ ಕರೆದದ್ದು. ನಿನ್ನ ದನಿ ಅಂದ್ರೆ ಅವಳಿಗೆ ಬೇರೆ.' ಅವಳು ಮಂಚದ ಕಂಬಿ ಹಿಡಿದು ಬಗ್ಗಿದಳು. ಅಮ್ಮನ ಕಿವಿಯ ಮೇಲೆ ಬಿಳಿಗೂದಲು ಅಡ್ಡ ಬಿದ್ದಿತ್ತು, ಅದನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಕಿವಿ ಬೆಚ್ಚಗಿತ್ತು. ಎದುರುಗಡೆ ತಮ್ಮ ಕಣ್ಣೊರಸಿಕೊಳ್ಳುತ್ತ ಸಮಾಧಾನದಿಂದ ನಿಂತಿದ್ದ, ಈಗಷ್ಟೇ ಅವಳೇ ಕೊಟ್ಟ ಸಮಾಧಾನ. ಈ ಸಲ ಅವಳಿಗೆ ನಾಚಿಕೆಯೇನೂ ಇರಲಿಲ್ಲ, ಕರೆಯುವುದಕ್ಕೆ ಹೆದರಿಕೆಯಿತ್ತು. ಅಮ್ಮ ಕಣ್ಣು ಬಿಡಲಾರಳು ಎಂದಲ್ಲ. ಬಿಟ್ಟುಬಿಟ್ಟರೆ, ತಮ್ಮ ಹೇಳಿದ ಸಾಕು ಎನ್ನುವ ಮಾತು ಏನಾಗಬೇಕು? ಅವಳು ಇನ್ನಷ್ಟು ಬಗ್ಗಿ, ಆ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಬಂದು, ದನಿ ಹೊರಡಿಸದೆ, ತುಟಿಗಳನ್ನಷ್ಟೇ ಆಡಿಸಿ ಅಮ್ಮಾ ಎಂದಳು.